ಸುಣ್ಣದ ಈನಕ್

ಈನಕ್ ಟ್ಯಾಟರ್ಸಲ್ ಕೈಗಾಡಿ ತಳ್ಳಿಕೊಂಡು ನಮ್ಮ ವಠಾರದ ಕಮಾನು ದಾಟಿದನೆಂದರೆ ಹೆಂಗಸರು ಮಕ್ಕಳ ರೆಟ್ಟೆ ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನು ಕೆಟ್ಟವನೆಂದಲ್ಲ. ಜ್ವರ ಬಂದ ಮನೆಗೆ ಗಂಧಕದ ಹೊಗೆ ಹಾಕಿ, ಗೋಡೆ ಕೆರೆದು, ಸುಣ್ಣ ಬಳಿದು, ಹಾಸಿಗೆ ಹೊದಿಕೆಗಳನ್ನು ಸೋಂಕು ಕಳೆಯುವ ಊರಿನ ಹಬೆಯ ಒಲೆಗೆ ಒಯ್ಯುವುದು ಅವನ ಕೆಲಸ. ಅವನು ಬಂದನೆಂದರೆ ಯಾರದೋ ಮನೆಯಲ್ಲಿ ಮಗು ಹೋಗಿದೆ, ಇಲ್ಲವೇ ಹೋಗುವುದರಲ್ಲಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ನಾವು ಮಕ್ಕಳು ಬಾಗಿಲ ಸಂದಿಯಿಂದ ಹಾಡುತ್ತಿದ್ದೆವು: "ಸುಣ್ಣದವ್ನೇ ಸುಣ್ಣದವ್ನೇ, ನಮ್ಮನೆ ಬಿಟ್ಟು ಮುಂದಕ್ಹೋಗು." ಅವನು ನಮ್ಮ ಕಡೆ ತಿರುಗಿ ಟೋಪಿ ಎತ್ತಿ, ಮುಂದಕ್ಕೆ ಹೋಗುತ್ತಿದ್ದ.

ಇದು ಮ್ಯಾಂಚೆಸ್ಟರಿನ ಆ್ಯಂಕೋಟ್ಸಿನಲ್ಲಿದ್ದ ಹ್ಯಾಲಮ್ ವಠಾರದ ಮಾತು. ಹದಿನಾಲ್ಕು ಮನೆ, ಒಂದು ನಲ್ಲಿ, ನಾಲ್ಕು ಬಕೆಟ್ಟಿನ ಕಕ್ಕಸು. ಹಿಂದೆ ಕಾಲುವೆ, ಬಣ್ಣದ ಕಾರ್ಖಾನೆಯವರು ಆ ದಿನ ಯಾವ ಬಣ್ಣ ಕಲಸಿದ್ದರೋ ಕಾಲುವೆಗೂ ಅದೇ ಬಣ್ಣ. ಈಗ ಅದನ್ನೆಲ್ಲ ಕೆಡವಿದ್ದಾರೆ, ಕೆಡವಿದ್ದು ಒಳ್ಳೆಯದೇ ಆಯಿತು. ಆದರೂ ನನಗೆ ಅದರದೇ ಕನಸು ಬೀಳುತ್ತದೆ. ಶುಕ್ರವಾರ ಸಂಜೆ ಹೆಂಗಸರು ಸಾಲಾಗಿ ಮಂಡಿಯೂರಿ ತಮ್ಮ ತಮ್ಮ ಹೊಸ್ತಿಲುಗಳನ್ನು ಹಳದಿ ಕಲ್ಲಿನಿಂದ ಉಜ್ಜುತ್ತಿದ್ದದ್ದು, ಆ ಉಜ್ಜುವ ತಾಳಕ್ಕೆ ಒಬ್ಬಳು ಹಾಡು ಎತ್ತಿಕೊಂಡರೆ ಹದಿನಾಲ್ಕು ಬಾಗಿಲಲ್ಲೂ ಅದು ಹಬ್ಬುತ್ತಿದ್ದದ್ದು, ಬೆಳಿಗ್ಗೆ ಐದೂವರೆಗೆ ಗಿರಣಿಗೆ ಹೊರಟವರ ಮರದ ಅಟ್ಟೆಯ ಬೂಟುಗಳು ಕಲ್ಲುಹಾಸಿನ ಮೇಲೆ ಟಕಟಕ ಎನ್ನುತ್ತಿದ್ದದ್ದು. ಈಗಿನ ನನ್ನ ಮನೆಯಲ್ಲಿ ಬಿಸಿಲು ಬೀಳುತ್ತದೆ, ನಲ್ಲಿ ಅಡುಗೆಮನೆಯೊಳಗೇ ಇದೆ, ಪಕ್ಕದ ಮನೆಯವರ ಹೆಸರು ಮಾತ್ರ ಗೊತ್ತಿಲ್ಲ.

ನಮ್ಮಲ್ಲಿ ಸಾವಿಗೆ ಮನೆಮಾತಿನ ಹೆಸರುಗಳಿದ್ದವು. ಹಸುಗೂಸು ಹೋದರೆ ಹಲ್ಲು ಬರುವುದರಲ್ಲಿ ಹೋಯಿತು ಎನ್ನುತ್ತಿದ್ದರು. ಆಗಸ್ಟಿನಲ್ಲಿ ಹೋದರೆ ಬೇಸಿಗೆ ಭೇದಿ. ಗಿರಣಿಯಲ್ಲಿ ಹತ್ತಿಯ ಧೂಳು ನುಂಗಿದವರು ಎದೆಯಲ್ಲಿ ಹೋಗುತ್ತಿದ್ದರು. ನಮ್ಮಪ್ಪ ಹೋದದ್ದೂ ಎದೆಯಲ್ಲೇ, ಮೂವತ್ತೊಂದನೆಯ ವಯಸ್ಸಿಗೆ. ದಡಾರವನ್ನು ಯಾರೂ ಕಾಯಿಲೆಯೆಂದೇ ಎಣಿಸುತ್ತಿರಲಿಲ್ಲ. "ದಡಾರ ಆಗಿ ಹೋಗೋ ತನಕ ನನಗಿಷ್ಟು ಮಕ್ಕಳು ಅಂತ ಯಾರ ಹತ್ರಾನೂ ಹೇಳ್ಬಾರ್ದು" ಎನ್ನುತ್ತಿದ್ದಳು ಪಕ್ಕದ ಆರನೆಯ ಮನೆಯ ಐರಿಶ್ ಮುದುಕಿ ಮಿಸಿಸ್ ಗ್ಯಾಫ್ನಿ. ಜನ ನಿಜವಾಗಿ ಹೆದರುತ್ತಿದ್ದದ್ದು ಕೆಂಪು ಜ್ವರಕ್ಕೆ. ಆ ಜ್ವರಕ್ಕಿಂತ ಹೆಚ್ಚಾಗಿ ಅದು ಬಂದವರನ್ನು ಒಯ್ಯುವ ಊರಾಚೆಯ ಜ್ವರದಾಸ್ಪತ್ರೆಗೆ. ಅಲ್ಲಿಗೆ ತಾಯಿಯನ್ನೂ ಬಿಡುತ್ತಿರಲಿಲ್ಲ. ಕೊನೆಮನೆಯ ರೋಡಾ ಎಂಬ ಹುಡುಗಿಯನ್ನು ಒಯ್ದಿದ್ದರು. ಹಿಂದಕ್ಕೆ ಬಂದದ್ದು ಒಂದು ಕಾಗದ.

ಸಾವಿರದ ಎಂಟುನೂರ ಎಂಬತ್ತೆರಡರ ಅಕ್ಟೋಬರಿನಲ್ಲಿ ಮಿಸಿಸ್ ಗ್ಯಾಫ್ನಿಯ ಮೊಮ್ಮಗಳು ಎಫಿಗೆ ಕೆಂಪು ಜ್ವರ ಬಂತು. ಮುದುಕಿ ಯಾರಿಗೂ ಹೇಳಲಿಲ್ಲ. ಸೋಮವಾರ ನನಗೂ ಗಂಟಲು ಕಟ್ಟಿ ಮೈ ಕೆಂಪಾಯಿತು. ಮಂಗಳವಾರ ಎಫಿ ಅಜ್ಜಿಯ ಮಡಿಲಲ್ಲೇ ಹೋದಳು. ಆಗ ನನಗೆ ಎಂಟು ವರ್ಷ, ತಮ್ಮ ಆಮೋಸನಿಗೆ ಮೂರು. ಅಮ್ಮ ಥರ್ಜಾ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದಳು. ಅವಳು ಕೆಲಸಕ್ಕೆ ಹೋದಾಗ ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಿದ್ದವಳು ಮಿಸಿಸ್ ಗ್ಯಾಫ್ನಿಯೇ.

"ಹೇಳ್ಬೇಡ ಥರ್ಜಾ," ಎಂದಳು ಮುದುಕಿ ಅಮ್ಮನಿಗೆ. "ಎಫಿ ಹೋದ್ಲು ನಿಜ. ಆದ್ರೆ ನನ್ನ ತೊಡೆ ಮೇಲೆ ಹೋದ್ಲು. ಅಲ್ಲಿ ಯಾರ ತೊಡೆ ಇದೆ?"

ಅಮ್ಮ ಹೇಳಲಿಲ್ಲ. ಹಗಲು ಹೊತ್ತು ಯಾರಾದರೂ ಬಂದರೆ ನನ್ನನ್ನು ಮೆಟ್ಟಿಲ ಕೆಳಗಿನ ಕಲ್ಲಿದ್ದಲಿನ ಗೂಡಿನಲ್ಲಿ ಮಲಗಿಸಬೇಕು, ನಾನೆಲ್ಲಿ ಎಂದು ಕೇಳಿದವರಿಗೆ ಸೆಲೀನಾ ಓಲ್ಡಮ್‌ನಲ್ಲಿರೋ ಚಿಕ್ಕಮ್ಮನ ಮನೆಗೆ ಹೋಗಿದಾಳೆ ಎನ್ನಬೇಕು ಎಂದು ಗೊತ್ತುಮಾಡಿದರು. ನನಗೂ ಅದನ್ನೇ ಹೇಳಿಕೊಟ್ಟರು.

ಎಫಿ ಸತ್ತದ್ದು ಮಾತ್ರ ಮುಚ್ಚಿಡುವಂಥದ್ದಲ್ಲ. ಬುಧವಾರ ಈನಕ್ ಬಂದು ಆರನೆಯ ಮನೆಯ ಕಿಟಕಿ ಬಾಗಿಲುಗಳ ಸಂದಿಗೆಲ್ಲ ಕಾಗದ ಅಂಟಿಸಿ ಗಂಧಕ ಹಚ್ಚಿ ಹೋದ. ಮಿಸಿಸ್ ಗ್ಯಾಫ್ನಿ ನಮ್ಮ ಮನೆಗೇ ಬಂದು ಕೂತಳು. ಗುರುವಾರ ಬೆಳಿಗ್ಗೆ ಅವನು ಆ ಮನೆ ತೆರೆದು ಗೋಡೆ ಕೆರೆಯತೊಡಗಿದ.

ನಡುವಿನ ಗೋಡೆ ಒಂದೇ ಇಟ್ಟಿಗೆಯ ದಪ್ಪ. ಗೂಡಿನ ಕತ್ತಲಲ್ಲಿ ಮಲಗಿದ್ದ ನನಗೆ ಕಿವಿಯ ಪಕ್ಕದಲ್ಲೇ ಕೆರೆದಂತೆ ಕೇಳಿಸುತ್ತಿತ್ತು. ಬಾಯಾರಿತ್ತು. ಮುದುಕಿ ನೀರು ತರಲು ನಲ್ಲಿಗೆ ಹೋಗಿದ್ದಳು. "ನೀರು" ಎಂದೆ. ಕೆರೆಯುವುದು ನಿಂತಿತು.

"ಯಾರಮ್ಮ ಅಲ್ಲಿ?" ಗೋಡೆಯ ಆಚೆಯಿಂದ ಗಂಡಸಿನ ದನಿ.

ಹೇಳಿಕೊಟ್ಟದ್ದು ನೆನಪಾಯಿತು. "ನಾನಿಲ್ಲಿಲ್ಲ," ಎಂದೆ. "ನಾನು ಓಲ್ಡಮ್‌ನಲ್ಲಿದೀನಿ."

ಆಚೆ ಏನೋ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಓಹೋ. ಓಲ್ಡಮ್‌ನಲ್ಲಿ ಹವಾ ಹೆಂಗಿದೆ?"

"ಕತ್ತಲೆ."

"ಗಂಟಲು ನೋಯ್ತದಾ?"

"ಹೂಂ."

"ಮೈ ಮೇಲೆ ಕೆಂಪಗೆ ಎದ್ದಿದೆಯಾ?"

"ಕತ್ತಲಲ್ಲಿ ಕಾಣಲ್ಲ. ನೀವು ಯಾರು?"

"ನಾನಾ?" ಎಂದ. "ನಾನು ಆಚೆ ಮನೆಗೆ ಬಂದಿರೋ ನೆಂಟ."

ನನಗೆ ಅವನು ಸುಣ್ಣದವನೆಂದು ಹೊಳೆಯಲೇ ಇಲ್ಲ. ಶುಕ್ರವಾರ ಮತ್ತೆ ಬಂದ, ಮೊದಲ ಸುಣ್ಣ ಹೊಡೆಯುವುದಕ್ಕೆ. ಕುಂಚ ಮೇಲೆ ಕೆಳಗೆ ಆಡುವ ಸರಸರ ಸದ್ದಿನ ನಡುವೆ ಮಾತಾಡಿಸಿದ. ಮನೆಯಲ್ಲಿ ಯಾರ್ಯಾರಿದ್ದೀರಿ, ತಮ್ಮನ ಗಂಟಲು ನೋಯುತ್ತದಾ, ಯಾರ ಪಕ್ಕ ಮಲಗುತ್ತಾನೆ ಎಂದೆಲ್ಲ ಕೇಳಿದ. "ನನ್ನ ಪಕ್ಕ," ಎಂದೆ. ಕುಂಚದ ಸದ್ದು ನಿಂತು ಮತ್ತೆ ಶುರುವಾಯಿತು. ಏನು ತಿಂದೆ ಎಂದ. ಏನೂ ಸೇರುವುದಿಲ್ಲ ಎಂದೆ. ವಾಸಿಯಾದ ಮೇಲೆ ಏನು ತಿಂತೀಯ ಎಂದ. ಓಟ್ಸ್ ರೊಟ್ಟಿಗೆ ಕಾಕಂಬಿ ಸುರಿದುಕೊಂಡು ಎಂದೆ. "ನನಗೂ ಅದೇ ಇಷ್ಟ," ಎಂದ. ಆ ಎರಡು ದಿನ ನಾನು ಅಮ್ಮನಿಗಿಂತ ಆ ದನಿಗೇ ಹೆಚ್ಚು ಕಾದೆ.

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಗಿರಣಿ ಬಿಡುತ್ತದೆ. ಅಮ್ಮ ಶಾಲು ಹೊದ್ದು ಕಮಾನಿನೊಳಗೆ ಬಂದಾಗ ಈನಕ್ ನಮ್ಮ ಹೊಸ್ತಿಲ ಮೇಲೆ ಕೂತಿದ್ದ. ಕೈ, ಹುಬ್ಬು, ಬೂಟು ಎಲ್ಲ ಬಿಳಿ.

"ಹೊಸ್ತಿಲು ನಿನ್ನೆ ತಾನೇ ಉಜ್ಜಿದೀನಿ, ಏಳು ಮೇಲೆ," ಎಂದಳು ಅಮ್ಮ.

ಅವನು ಎದ್ದು ನಿಂತ. "ಹುಡುಗಿಗೆ ಇವತ್ತಿಗೆ ಎಷ್ಟು ದಿನ ಆಯ್ತು?"

"ಯಾವ ಹುಡುಗಿ? ಅವಳು ಓಲ್ಡಮ್‌ಗೆ ಹೋಗಿದಾಳೆ."

"ಗೊತ್ತು. ಎರಡು ದಿನದಿಂದ ಅಲ್ಲಿಂದಾನೇ ನನ್ನ ಹತ್ರ ಮಾತಾಡ್ತಿದಾಳೆ."

ಅಮ್ಮ ಒಳಗೆ ಹೋಗಿ ಒಲೆ ಕೆದಕುವ ಕಬ್ಬಿಣದ ಸಲಾಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ವಠಾರದ ಬಾಗಿಲುಗಳೆಲ್ಲ ತೆರೆದುಕೊಂಡವು. ಮಿಸಿಸ್ ಗ್ಯಾಫ್ನಿ ಮುಸುರೆ ನೀರಿನ ಬಕೆಟ್ಟನ್ನು ಎತ್ತಿ ಅವನ ಮೇಲೆ ಸುರಿದಳು. "ಹೆಣದ ಗಿಡುಗ," ಎಂದು ಬೈದಳು. "ಹಾಸಿಗೆ ಒಯ್ದಿದ್ದು ಸಾಲ್ದೇನೋ ನಿನಗೆ?"

ಮುಸುರೆ ಸೋರುತ್ತಿದ್ದ ಮುಖ ಒರೆಸಿಕೊಂಡು ಅವನು ಅಮ್ಮನ ಜೊತೆಗೇ ಮಾತಾಡಿದ. "ನೋಡು ತಾಯಿ, ಸಲಾಕೇಲಿ ನನ್ನ ತಲೆ ಒಡೆದ್ರೆ ಇನ್ನೊಬ್ಬನ್ನ ಕಳಿಸ್ತಾರೆ, ಅವನು ಪೋಲೀಸರನ್ನ ಕರ್ಕೊಂಡು ಬರ್ತಾನೆ. ಹುಡುಗನಿಗೆ ಇನ್ನೂ ಬಂದಿಲ್ಲ. ಅವನನ್ನ ಉಳಿಸ್ಕೋಬೇಕಾದ್ರೆ ಇವತ್ತೇ ಇವಳು ಹೊರಡ್ಬೇಕು. ಜ್ವರದ ಗಾಡಿ ಬರೋದು ಬೇಡ, ನಾನೇ ಹೊತ್ಕೊಂಡು ಹೋಗ್ತೀನಿ. ದಿನಾ ಹೋಗಿ ಅವಳ ಸುದ್ದಿ ತಂದು ಹೇಳ್ತೀನಿ. ಸತ್ರೂ ಹೇಳ್ತೀನಿ, ಕಾಗದ ಬರೋ ತನಕ ಕಾಯ್ಸಲ್ಲ."

ಅಮ್ಮ ಒಳಗೆ ಗೂಡಿನ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಸಲಾಕೆ ಕೆಳಗಿಟ್ಟಳು. ಆದರೆ ಅವನು ನನ್ನನ್ನು ಎತ್ತಿಕೊಂಡಾಗ ಅವನ ಮುಖ ನೋಡಲಿಲ್ಲ. ತೋಳಿನಲ್ಲಿ ಮಲಗಿ ಕಮಾನು ದಾಟುವಾಗ ನಾನು ಕೇಳಿದೆ: "ನೀವು ಸುಣ್ಣದವ್ರಾ?"

"ಹೌದಮ್ಮ."

"ನೆಂಟ ಅಂದ್ರಿ."

"ಅದೂ ಹೌದು ಅನ್ಕೋ," ಎಂದ.

ಆಸ್ಪತ್ರೆಯಲ್ಲಿ ಮಕ್ಕಳಿಗೆ ಹೆಸರಿರಲಿಲ್ಲ, ನಂಬರು. ನನ್ನದು ನಲವತ್ತೇಳು. ಗೇಟಿನ ಕಂಬಕ್ಕೆ ದಿನಾ ಒಂದು ಹಲಗೆ ತೂಗುಹಾಕುತ್ತಿದ್ದರು. ಅದರಲ್ಲಿ ಮೂರು ಸಾಲು: ಅಪಾಯದಲ್ಲಿರುವವರು, ಹಾಗೆಯೇ ಇರುವವರು, ವಾಸಿಯಾಗುತ್ತಿರುವವರು. ಈನಕ್‌ಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಯಾವ ಸಾಲು ಎಲ್ಲಿದೆ ಎಂದು ಕಣ್ಣಳತೆಯಲ್ಲಿ ಗುರುತಿಟ್ಟುಕೊಂಡಿದ್ದ. ಕೆಲಸ ಮುಗಿಸಿ ಮೂರು ಮೈಲಿ ನಡೆದು ಹೋಗಿ, ಗೇಟಿನ ಕಾವಲುಗಾರನಿಗೆ ಒಂದು ಚಿಟಿಕೆ ತಂಬಾಕು ಕೊಟ್ಟು ಮಕ್ಕಳು ಊಟ ಮಾಡಿದವೋ ಇಲ್ಲವೋ ಕೇಳಿಕೊಂಡು ಬರುತ್ತಿದ್ದ. ಸಂಜೆ ಆರಕ್ಕೆ ವಠಾರದ ಕಮಾನಿನ ಆಚೆಗೇ ನಿಲ್ಲುತ್ತಿದ್ದ. ಒಳಗೆ ಬಾ ಎಂದವರು ಯಾರೂ ಇರಲಿಲ್ಲ.

"ನಲವತ್ತೇಳು, ನಡುಸಾಲು. ಹಾಲು ಕುಡಿದಿದೆ," ಎಂದು ಅಲ್ಲಿಂದಲೇ ಕೂಗುತ್ತಿದ್ದ.

ಮೊದಲೆರಡು ದಿನ ಅಮ್ಮ ಬಾಗಿಲ ಹಿಂದೆ ನಿಂತು ಕೇಳಿದಳಂತೆ. ಆಮೇಲೆ ನಲ್ಲಿಯ ಹತ್ತಿರ ಬಂದು ನಿಂತಳು. ಸುತ್ತಲಿನ ವಠಾರಗಳಿಂದ ಬೇರೆ ತಾಯಂದಿರೂ ಬರತೊಡಗಿದರು, ಅವರ ಮಕ್ಕಳ ನಂಬರುಗಳನ್ನೂ ಅವನಿಗೆ ಒಪ್ಪಿಸಿದರು. ಒಂದು ಹಂತದಲ್ಲಿ ಹನ್ನೊಂದು ನಂಬರುಗಳನ್ನು ತಲೆಯಲ್ಲೇ ಹೊತ್ತು ತರುತ್ತಿದ್ದ. ಇದನ್ನೆಲ್ಲ ನನಗೆ ಹೇಳಿದವಳು ಮಿಸಿಸ್ ಗ್ಯಾಫ್ನಿ, ಮುಸುರೆ ಸುರಿದ ಆ ಮುದುಕಿಯೇ. "ಆ ಹೊತ್ತಿಗೆ ಚರ್ಚಿನ ಗಂಟೆ ಹೊಡೆದ್ರೂ ಇಷ್ಟು ಜನ ಸೇರ್ತಿರ್ಲಿಲ್ಲ ಕಣೇ," ಎಂದಿದ್ದಳು.

ನನ್ನನ್ನು ಒಯ್ದ ಮೂರನೆಯ ದಿನ, ಮಂಗಳವಾರ, ಆಮೋಸನಿಗೆ ಜ್ವರ ಬಂತು. ಅಮ್ಮ ಈ ಸಲ ಬಚ್ಚಿಡಲಿಲ್ಲ. ತಾನೇ ಕಮಾನಿನ ತನಕ ಎತ್ತಿಕೊಂಡು ಬಂದು ಈನಕ್‌ನ ಕೈಗೆ ಕೊಟ್ಟಳು. ಆಮೋಸನ ನಂಬರು ಐವತ್ತೆರಡು. ವಾರ್ಡಿನ ಇನ್ನೊಂದು ತುದಿಯಲ್ಲಿ, ಚಿಕ್ಕಮಕ್ಕಳ ಸಾಲಿನಲ್ಲಿ ಅವನನ್ನು ಮಲಗಿಸಿದ್ದರು. ನನಗೆ ಏಳಲು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ತೊದಲುತ್ತಾ "ಸುಣ್ಣದವ್ನೇ ಸುಣ್ಣದವ್ನೇ" ಎಂದು ಹಾಡಿಕೊಳ್ಳುವುದು ಕೇಳಿಸಿತು. ನಾನು ನಕ್ಕೆ. ಅದೇ ಕೊನೆ, ಮತ್ತೆ ಅವನ ದನಿ ಕೇಳಲಿಲ್ಲ.

ಮರುದಿನ ಸಂಜೆ ಈನಕ್ ಕಮಾನಿನ ಆಚೆ ನಿಂತು ಕೂಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ವಠಾರದೊಳಗೆ ನಡೆದು ಬಂದ. ಅಮ್ಮ ನಲ್ಲಿಯಲ್ಲಿ ಕೆಟಲ್ ತುಂಬಿಸುತ್ತಿದ್ದಳು. ಅವನು ನಲ್ಲಿ ನಿಲ್ಲಿಸಿದ, ಕೆಟಲನ್ನು ಅವಳ ಕೈಯಿಂದ ತೆಗೆದುಕೊಂಡ. ಅವನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ.

ಆರು ವಾರದ ಮೇಲೆ ನಾನು ತಲೆ ಬೋಳಿಸಿಕೊಂಡು, ಕೈಯ ಚರ್ಮವೆಲ್ಲ ಸುಲಿದು, ಮನೆಗೆ ಬಂದೆ. ಅಮ್ಮ ನನ್ನನ್ನು ತಬ್ಬಿಕೊಂಡಳು. ಮಾತು ಮಾತ್ರ ಕಡಿಮೆಯಾಗಿತ್ತು, ಅತ್ತದ್ದನ್ನೂ ಯಾರೂ ನೋಡಿರಲಿಲ್ಲ. ಮರುಭಾನುವಾರ ಈನಕ್ ಒಂದು ಕಾಗದದ ಪೊಟ್ಟಣ ಹಿಡಿದು ಕಮಾನಿನ ಹತ್ತಿರ ನಿಂತಿದ್ದ. ಒಳಗೆ ಓಟ್ಸ್ ರೊಟ್ಟಿ, ಒಂದು ಡಬ್ಬಿ ಕಾಕಂಬಿ.

"ಒಳಗೆ ಬಾ," ಎಂದಳು ಅಮ್ಮ.

ಅವನು ಕುರ್ಚಿಯ ತುದಿಯಲ್ಲಿ ಕೂತ. ಅಮ್ಮ ಅವನ ಎದುರು ನಿಂತು, ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿದಳು. "ಇವಳನ್ನ ಆರು ದಿನ ಬಚ್ಚಿಟ್ಟೆ. ಆಮೋಸ್ ಹೋಗಿದ್ದು ಅದಕ್ಕೇ ಅಲ್ವಾ? ಸುಳ್ಳು ಹೇಳ್ಬೇಡ. ನಿನಗೆ ಗೊತ್ತಿರುತ್ತೆ."

ಅವನು ತನ್ನ ಒಡೆದ ಅಂಗೈಗಳನ್ನು ನೋಡಿಕೊಂಡ. "ಅಲ್ಲ," ಎಂದ. "ನಿಮ್ಮ ಗೋಡೇಲಿತ್ತು ಅದು. ಹುಡುಗ ಹೋದ್ಮೇಲೆ ಸುಣ್ಣ ಹೊಡೆಯೋಕೆ ಬಂದಾಗ ನಾನೇ ಕೆರೆದು ನೋಡ್ದೆ, ಸುಣ್ಣದ ಹನ್ನೊಂದು ಪದರ ಇದೆ. ಅಂದ್ರೆ ಹನ್ನೊಂದು ಸಲ ಜ್ವರ ಬಂದ ಮನೆ ಇದು, ನೀವು ಬರೋಕೆ ಮುಂಚೆ. ಹುಡುಗ ಆ ಗೋಡೆಗೇ ತಲೆ ಕೊಟ್ಟು ಮಲಗ್ತಿದ್ದ. ನೀನು ಇವಳನ್ನ ಸೋಮವಾರವೇ ಕಳ್ಸಿದ್ರೂ ಅಷ್ಟೇ ಆಗ್ತಿತ್ತು."

ಅಮ್ಮ ನೆಲದ ಮೇಲೆ ಕೂತು ಅತ್ತಳು. ಹೊರಗಿನ ತನಕ ಕೇಳುವಂತೆ ಅತ್ತಳು. ಮಿಸಿಸ್ ಗ್ಯಾಫ್ನಿ ಬಾಗಿಲಿಗೆ ಬಂದಳು, ನೋಡಿ ಹಾಗೇ ಹಿಂದಕ್ಕೆ ಹೋದಳು. ಈನಕ್ ಕೆಟಲ್ ಒಲೆಯ ಮೇಲಿಟ್ಟ.

ಮೂರು ವರ್ಷದ ಮೇಲೆ ಅವರಿಬ್ಬರ ಮದುವೆಯಾಯಿತು. ಈನಕ್‌ಗೂ ಹಿಂದೊಂದು ಸಂಸಾರವಿತ್ತೆಂದು, ಅಮೆರಿಕದ ಯುದ್ಧದಿಂದ ಹತ್ತಿ ಬಾರದೆ ಗಿರಣಿಗಳು ನಿಂತಿದ್ದ ವರ್ಷ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಒಂದೇ ವಾರದಲ್ಲಿ ಚುಕ್ಕೆ ಜ್ವರದಲ್ಲಿ ಹೋದರೆಂದು ಆಗಲೇ ನನಗೆ ತಿಳಿದದ್ದು. ಆಗ ಅವನಿಗೆ ಇಪ್ಪತ್ತಾರು. ಅವರ ಹಾಸಿಗೆ ಒಯ್ಯಲು ಆರು ವಾರ ಯಾರೂ ಬರಲಿಲ್ಲವಂತೆ, ಅವನು ಅದರ ಮೇಲೇ ಮಲಗಿದ್ದನಂತೆ. ಸುಣ್ಣದ ಕೆಲಸಕ್ಕೆ ಜನ ಬೇಕೆಂದಾಗ ಮೊದಲು ಹೋಗಿ ನಿಂತವನು ಅವನೇ.

ಮದುವೆಯ ದಿನ ಮಿಸಿಸ್ ಗ್ಯಾಫ್ನಿ ಎಲ್ಲರೆದುರು, "ಗಂಡನ್ನ ಹಬೆಗೆ ಹಾಕ್ಸಿ ತಂದ್ಯಾ ಥರ್ಜಾ, ಇಲ್ಲಾ ಹಾಗೇ ತಂದ್ಯಾ?" ಎಂದಳು. "ಹಾಕ್ಸಿದ್ದೆ, ಕುಗ್ಗಿ ಇಷ್ಟಾಗಿದಾನೆ," ಎಂದಳು ಅಮ್ಮ. ಅವನು ಕುಳ್ಳ; ಹಬೆಗೆ ಹೋದ ಕೌದಿಗಳು ಕುಗ್ಗಿ ಬರುತ್ತವೆಂದು ವಠಾರದವರೆಲ್ಲ ಅವನನ್ನು ಬೈಯುತ್ತಿದ್ದರು. ಆ ದಿನ ಅವನು ನಕ್ಕಷ್ಟು ಯಾರೂ ನಗಲಿಲ್ಲ.

ಆಮೇಲಿನ ಹದಿನೆಂಟು ವರ್ಷ ನನ್ನ ಬದುಕಿನ ಒಳ್ಳೆಯ ಕಾಲ. ಕೆಲಸದಿಂದ ಬಂದವನು ಬಟ್ಟೆ ತೊಳೆಯುವ ಕೊಟ್ಟಿಗೆಯಲ್ಲಿ ಮೈ ತಿಕ್ಕಿ, ಬೇರೆ ಅಂಗಿ ಹಾಕಿಕೊಂಡೇ ಮನೆಯೊಳಗೆ ಬರುತ್ತಿದ್ದ. ಸುಣ್ಣಕ್ಕೆ ಒಡೆದ ಅವನ ಕೈಗಳಿಗೆ ಅಮ್ಮ ಬಾತುಕೋಳಿಯ ಕೊಬ್ಬು ಹಚ್ಚುತ್ತಿದ್ದಳು. ಶನಿವಾರ ಬೋಟಿ, ಈರುಳ್ಳಿ. ಮಕ್ಕಳ ಕೋಣೆಗೆ ಬಳಿಯುವ ಸುಣ್ಣಕ್ಕೆ ಅವನು ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಗಂಟು ಕದಡುತ್ತಿದ್ದ. ಹಾಗೆ ಮಾಡಿದರೆ ಗೋಡೆ ಮುಂಜಾನೆಯ ಆಕಾಶದ ಹಾಗೆ ಕಾಣುತ್ತಿತ್ತು. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಗಾಡಿ ಕಂಡರೆ ಹೆಂಗಸರು ಬಾಗಿಲು ಹಾಕುವುದು ನಿಂತುಹೋಯಿತು. ಮಗುವಿಗೆ ಮೈ ಬಿಸಿಯಾದರೆ ಡಾಕ್ಟರಿಗಿಂತ ಮೊದಲು ಅವನ ಹತ್ತಿರ ಓಡಿ ಬರುತ್ತಿದ್ದರು. "ನಾಲಗೆ ತೋರ್ಸು ಮಗಾ" ಎಂದು ಬಾಗಿಲಲ್ಲೇ ನಿಂತು ನೋಡುತ್ತಿದ್ದ. "ಇದು ಬರೀ ಶೀತ" ಎನ್ನುತ್ತಿದ್ದ, ಇಲ್ಲವೇ "ಇವತ್ತೇ ಕಳ್ಸು ತಾಯಿ, ನಾಳೆ ಅನ್ಬೇಡ" ಎನ್ನುತ್ತಿದ್ದ. ನಮ್ಮ ವಠಾರದಲ್ಲಿ ಆಮೇಲೆ ಯಾರೂ ಮಗುವನ್ನು ಬಚ್ಚಿಡಲಿಲ್ಲ. ನಾನು ಅವನನ್ನು ಅಪ್ಪ ಎಂದು ಕರೆಯಲಿಲ್ಲ. ಈನಕ್ ಎಂದೇ ಕರೆದೆ, ಅವನಿಗೂ ಅದೇ ಇಷ್ಟವಾಗಿತ್ತು.

ಸಾವಿರದ ಒಂಬೈನೂರ ಎರಡರ ಚಳಿಗಾಲದಲ್ಲಿ ಅವನ ಉಸಿರು ಕೆಟ್ಟಿತು. ನನಗೆ ಆಗ ಮದುವೆಯಾಗಿ ಎರಡನೆಯ ಮಗು ಹೊಟ್ಟೆಯಲ್ಲಿತ್ತು. ಒಂದು ಮಧ್ಯಾಹ್ನ ಅಮ್ಮ ಅಂಗಡಿಗೆ ಹೋಗಿದ್ದಾಗ ಅವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಎಷ್ಟೋ ವರ್ಷದಿಂದ ಬಾಯಿಗೆ ಬರುತ್ತಿದ್ದದ್ದನ್ನು ಕೇಳಿದೆ.

"ಈನಕ್, ಗೋಡೇಲಿತ್ತು ಅಂದ್ಯಲ್ಲ ಅವತ್ತು, ನಿಜವಾ?"

ಅವನು ಉಸಿರು ಸರಿಮಾಡಿಕೊಂಡ. "ಹನ್ನೊಂದು ಪದರ ಇದ್ದಿದ್ದು ನಿಜ. ಗೋಡೆ ಪಾಪ, ಅದೇನು ಮಾಡ್ತು. ಜ್ವರ ಒಬ್ಬರಿಂದ ಒಬ್ಬರಿಗೆ ಬರೋದು."

"ಅಂದ್ರೆ ಅಮ್ಮ..."

"ನಿಮ್ಮಮ್ಮ ಅಲ್ಲ," ಎಂದ. "ಗುರುವಾರ ಬೆಳಿಗ್ಗೆನೇ ನಿನ್ನ ದನಿ ಕೇಳ್ತು ನನಗೆ. ಆ ಕ್ಷಣಾನೇ ಹೋಗಿ ಹೇಳೋದು ನನ್ನ ಕೆಲಸ. ಹೇಳ್ಲಿಲ್ಲ. ನಿಮ್ಮಮ್ಮ ಮನೇಲಿರೋವಾಗ, ಅವಳ ಮುಖ ನೋಡಿ ಹೇಳೋಣ, ಹಿಂದಿನಿಂದ ಬಂದು ಎಳ್ಕೊಂಡು ಹೋದ್ರು ಅನ್ನಿಸ್ಬಾರ್ದು ಅಂತ ಶನಿವಾರದ ತನಕ ಕಾದೆ. ಆ ಎರಡು ರಾತ್ರಿ ಹುಡುಗ ನಿನ್ನ ಪಕ್ಕ ಮಲಗಿದ್ದ. ಪಕ್ಕ ಮಲಗ್ತಾನೆ ಅಂತ ನೀನೇ ಹೇಳಿದ್ದೆ. ಗೊತ್ತಿದ್ದೂ ಕಾದೆ."

"ಅದಕ್ಕೆ ಮೊದಲೂ ಮೂರು ರಾತ್ರಿ ಮಲಗಿದ್ದ," ಎಂದೆ.

"ಹೌದು. ಯಾವ ರಾತ್ರಿ ಅಂತ ಯಾರೂ ಹೇಳೋಕಾಗಲ್ಲ." ಆಮೇಲೆ "ಅವಳಿಗೆ ಹೇಳ್ಬೇಕಾ?" ಎಂದು ಕೇಳಿದ. ಇಪ್ಪತ್ತು ವರ್ಷದಿಂದ ನನ್ನ ಕಣ್ಣಿಗೆ ದೊಡ್ಡವನಾಗಿ ಕಂಡವನು ನನ್ನನ್ನು ಹಾಗೆ ಕೇಳಿದ್ದು ಅದೊಂದೇ ಸಲ.

"ಬೇಡ," ಎಂದೆ. ಅವನ ಕೈಗೆ ಕೊಬ್ಬು ಹಚ್ಚುವುದಿತ್ತು. ಆ ದಿನ ನಾನೇ ಹಚ್ಚಿದೆ.

ಫೆಬ್ರವರಿಯಲ್ಲಿ ಹೋದ. ಸಾವು ಬರೆಸಲು ಕಚೇರಿಗೆ ನಾನು ಹೋದೆ. ಅಲ್ಲಿದ್ದ ಮನುಷ್ಯ ಶ್ವಾಸನಾಳದ ಉರಿಯೂತ ಎಂದು ಕಾರಣ ಬರೆದು, ಕಸುಬಿನ ಜಾಗದಲ್ಲಿ ಕೂಲಿ ಎಂದು ಬರೆದ. ನಾನು ಆ ಕಾಗದ ತಂದು ಅಮ್ಮನಿಗೆ ಓದಿ ಹೇಳಿದೆ.

"ಕೂಲಿ ಅಂತ ಬರೆದ್ನಾ?" ಎಂದು ಅಮ್ಮ ಎದ್ದು ಶಾಲು ಹೊದ್ದಳು. ಮಳೆ ಹನಿಯುತ್ತಿತ್ತು. ನನ್ನ ಹೊಟ್ಟೆ ಮುಂದೆ ಬಂದಿತ್ತು, ಅವಳ ಮಂಡಿ ಸರಿಯಿರಲಿಲ್ಲ. ಇಬ್ಬರೂ ಒಂದು ಮೈಲಿ ನಡೆದು ಮತ್ತೆ ಹೋದೆವು. ಅಮ್ಮ ಮೇಜಿನ ಮುಂದೆ ನಿಂತು, "ಊರಿನ ಸುಣ್ಣ ಹೊಡೆಯೋನು ಅಂತ ಬರೀರಿ," ಎಂದಳು. ಆ ಮನುಷ್ಯ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ತಕರಾರು ಮಾಡಲಿಲ್ಲ. ಬರೆದದ್ದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಅವಳು ಹೇಳಿದಂತೆಯೇ ಬರೆದು, ತನ್ನ ರುಜು ಹಾಕಿದ. "ನಮ್ಮ ಮನೆಗೂ ಒಂದ್ಸಲ ಬಂದಿದ್ರು," ಎಂದ, ತಲೆ ಎತ್ತದೆ.

ವಾಪಸು ಬರುವಾಗ ಮಾರುಕಟ್ಟೆಯ ಮೂಲೆಯಲ್ಲಿ ಬಿಸಿ ಕಪ್ಪು ಬಟಾಣಿ ಮಾರುತ್ತಿದ್ದರು. ಅಮ್ಮ ಎರಡು ಬಟ್ಟಲು ತೆಗೆದುಕೊಂಡಳು. ವಿನೆಗರ್ ಸುರಿದುಕೊಂಡು, ಸೂರಿನ ಕೆಳಗೆ ಒತ್ತಾಗಿ ನಿಂತು ತಿಂದೆವು. ಅಲ್ಲಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಅವಳು ತಾನಾಗಿ ಆಮೋಸನ ಮಾತೆತ್ತಿದಳು. ಅವನಿಗೆ ಬಟಾಣಿಯ ಸಿಪ್ಪೆ ಸೇರುತ್ತಿರಲಿಲ್ಲವಂತೆ, ಒಂದೊಂದನ್ನೇ ಸುಲಿದು ಬಾಯಿಗಿಡಬೇಕಿತ್ತಂತೆ. "ಹಟಮಾರಿ," ಎಂದು ನಕ್ಕಳು. ನಾನು ಕೇಳುತ್ತಾ ನಿಂತೆ, ಅವಳು ಹೇಳುತ್ತಲೇ ಹೋದಳು.